ಬೋಟಲ್ಲಿ ಹೋಗುವಾಗ ಜೇಬಲ್ಲಿ ಫೋನ್ ಇದ್ರೆ ಸಾಕಾ?

ಪ್ರಶ್ನೆ: ಸರ್, ನಾವು ನಾಲ್ಕು ಜನ ಸ್ನೇಹಿತರು ಸೇರಿ ಒಂದು ಸಣ್ಣ ಮೋಟರ್ ಬೋಟ್ ತಗೊಂಡಿದೀವಿ. ಸದ್ಯಕ್ಕೆ ರಜಾ ದಿನ ಹಿನ್ನೀರಲ್ಲಿ ಸುತ್ತಾಡ್ತೀವಿ, ಮುಂದೆ ಸಮುದ್ರದಲ್ಲೂ ದಡ ಕಾಣೋಷ್ಟು ದೂರ ಹೋಗೋ ಆಸೆ ಇದೆ. ಎಲ್ಲರ ಹತ್ರಾನೂ ವಾಟರ್‌ಪ್ರೂಫ್ ಫೋನ್ ಇದೆ, ಪೌಚ್ ಇದೆ, ಪವರ್ ಬ್ಯಾಂಕ್ ಇದೆ. ನಮ್ಮಲ್ಲೊಬ್ಬ ಮಾತ್ರ ರೇಡಿಯೋ ಸೆಟ್ ಬೇಕೇ ಬೇಕು ಅಂತ ಹಠ ಹಿಡಿದು ಕೂತಿದಾನೆ. ನಾಲ್ಕು ಫೋನ್ ಇರುವಾಗ ಅದ್ಯಾಕೆ ಸರ್, ದುಡ್ಡು ದಂಡ ಅಲ್ವಾ?

ಉತ್ತರ: ಆ ಹಠ ಹಿಡಿದಿರೋ ಸ್ನೇಹಿತನ್ನ ಬೋಟಿಂದ ಇಳಿಸ್ಬೇಡಿ, ಮೊದಲು ಅಷ್ಟು ಹೇಳ್ಬಿಡ್ತೀನಿ. ಅವನು ಹೇಳ್ತಿರೋದು ಸಮುದ್ರದ ವಿಷಯದಲ್ಲಿ ಪೂರ್ತಿ ಸರಿ, ಹಿನ್ನೀರಿನ ವಿಷಯದಲ್ಲಿ ಅರ್ಧ ಸರಿ, ಆ ಅರ್ಧ ಯಾವುದು ಅಂತ ಆಮೇಲೆ ಬರ್ತೀನಿ. ಫೋನ್ ತಗೊಂಡು ಹೋಗ್ಬೇಡಿ ಅಂತ ನಾನು ಯಾವತ್ತೂ ಹೇಳಲ್ಲ, ನಾನೂ ತಗೊಂಡೇ ಹೋಗ್ತೀನಿ. ಆದ್ರೆ ನಾಲ್ಕು ಫೋನ್ ಇದ್ರೆ ನಾಲ್ಕು ಪಟ್ಟು ಸೇಫ್ಟಿ ಅಂತ ಲೆಕ್ಕ ಹಾಕಿದೀರಲ್ಲ, ಅಲ್ಲೇ ಎಡವಟ್ಟು. ನಾಲ್ಕೂ ಫೋನಿಗೂ ಬೇಕಿರೋದು ಅದೇ ದಡದ ಮೇಲಿರೋ ಟವರ್, ನಾಲ್ಕಕ್ಕೂ ಆಗದೇ ಇರೋದು ಅದೇ ನೀರು, ಬೋಟ್ ಮಗುಚಿದ್ರೆ ನಾಲ್ಕೂ ಒಂದೇ ಸೆಕೆಂಡಲ್ಲಿ ನೆನೆಯತ್ತೆ. ಬೇರೆ ಬೇರೆ ಕಂಪನಿ ಸಿಮ್ ಇದ್ರೆ ಚೂರು ಉಪಯೋಗ ಇದೆ ಅನ್ನಿ, ಒಂದರದ್ದು ಹೋದಾಗ ಇನ್ನೊಂದರದ್ದು ಸಿಗಬಹುದು, ಅದು ಬಿಟ್ರೆ ಸೋಲೋ ರೀತಿ ಎಲ್ಲದರದ್ದೂ ಒಂದೇ.

ಮೊದಲು ನೀರಿನ ಮಾತು ಮುಗಿಸೋಣ, ಯಾಕಂದ್ರೆ ವಾಟರ್‌ಪ್ರೂಫ್ ಅನ್ನೋ ಪದ ಕೇಳಿದ್ರೇನೆ ನಂಗೆ ಮೈ ಉರಿಯತ್ತೆ. ಡಬ್ಬದ ಮೇಲೆ ಐಪಿ68 ಅಂತ ಬರೆದಿರ್ತಾರಲ್ಲ, ಅದರಲ್ಲಿ 6 ಅಂದ್ರೆ ಧೂಳಿಂದು, 8 ಅಂದ್ರೆ ಒಂದು ಮೀಟರಿಗಿಂತ ಆಳದ ನೀರಲ್ಲಿ ಮುಳುಗಿಸಿಟ್ರೂ ತಡೆಯತ್ತೆ ಅಂತ, ಎಷ್ಟು ಆಳ ಎಷ್ಟು ಹೊತ್ತು ಅನ್ನೋದನ್ನ ತಯಾರಿಸಿದವರೇ ಹೇಳ್ತಾರೆ, 1.5 ಮೀಟರ್ 30 ನಿಮಿಷ ಅಂತೆಲ್ಲ. ಆ ಟೆಸ್ಟ್ ಮಾಡೋದು ಹೊಸ ಫೋನನ್ನ, ಸಿಹಿನೀರಲ್ಲಿ, ಅಲುಗಾಡದ ನೀರಲ್ಲಿ. ಎರಡು ವರ್ಷ ಜೇಬಲ್ಲಿ ತಿರುಗಿ, ನಾಲ್ಕು ಸಲ ಬಿದ್ದು, ಒಂದ್ಸಲ ಸ್ಕ್ರೀನ್ ಬದಲಾಯಿಸ್ಕೊಂಡ ಫೋನಿನ ರಬ್ಬರ್ ಸೀಲ್ ಹೇಗಿರತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ, ಉಪ್ಪು ನೀರಂತೂ ಲೆಕ್ಕದಲ್ಲೇ ಇಲ್ಲ. ಒಳಗೆ ನೀರು ಹೋಗಿ ಕೆಟ್ರೆ ಸಾಮಾನ್ಯವಾಗಿ ವಾರಂಟೀನೂ ಇಲ್ಲ, ಅವರಿಗೇ ನಂಬಿಕೆ ಇಲ್ಲ ಅಂದ್ಮೇಲೆ ನಮಗ್ಯಾಕೆ.

ಸರಿ, ಫೋನ್ ಸಾಯಲಿಲ್ಲ ಅಂತಾನೇ ಇಟ್ಕೊಳ್ಳಿ. ಆದ್ರೂ ಡಯಲ್ ಮಾಡೋಕಾಗಲ್ಲ. ಟಚ್ ಸ್ಕ್ರೀನ್ ಕೆಲಸ ಮಾಡೋದು ಬೆರಳು ತಾಗಿದ ಕಡೆ ಆಗೋ ಸಣ್ಣ ವಿದ್ಯುತ್ ಬದಲಾವಣೆ ಗುರುತಿಸಿ, ನೀರಿನ ಹನಿ ಬಿದ್ರೂ ಅದಕ್ಕೆ ಬೆರಳು ಬಿದ್ದ ಹಾಗೇ ಕಾಣತ್ತೆ, ಉಪ್ಪು ನೀರು ಇನ್ನೂ ಚೆನ್ನಾಗಿ ಕರೆಂಟ್ ಹರಿಸತ್ತಾದ್ರಿಂದ ಇನ್ನೂ ಜಾಸ್ತಿ ಆಟ ಆಡ್ಸತ್ತೆ. ನೀವು ಒಂದು ಒತ್ತಿದ್ರೆ ಅದು ಇನ್ನೊಂದು ಓಪನ್ ಮಾಡತ್ತೆ. ಬೆರಳಚ್ಚು ಲಾಕ್ ಒದ್ದೆ ಕೈಗೆ ತೆಗೆಯಲ್ಲ. ಇನ್ನು ನಿಮ್ಮ ಪವರ್ ಬ್ಯಾಂಕ್ ಕಥೆ: ಚಾರ್ಜಿಂಗ್ ತೂತಲ್ಲಿ ತೇವ ಇದೆ ಅಂತ ಗೊತ್ತಾದ್ರೆ ಈಗಿನ ಬಹಳಷ್ಟು ಫೋನ್ ಎಚ್ಚರಿಕೆ ತೋರಿಸಿ ಚಾರ್ಜ್ ತಗೊಳ್ಳೋದೇ ಇಲ್ಲ, ಅದು ಒಣಗೋಕೆ ಕೆಲವು ಸಲ ಗಂಟೆಗಟ್ಟಲೆ ಬೇಕು. ಬೇಕಾದಷ್ಟು ಕರೆಂಟ್ ಪಕ್ಕದಲ್ಲೇ ಇದೆ, ಹಾಕೋಕೆ ದಾರಿ ಇಲ್ಲ.

ಪೌಚ್ ಇದೆಯಲ್ಲ ಅಂತೀರ. ಒಳ್ಳೇದು, ಹಾಕ್ಕೊಳ್ಳಿ, ಗಾಳಿ ಸ್ವಲ್ಪ ಬಿಟ್ಟು ಮುಚ್ಚಿದ್ರೆ ತೇಲೋದಾದ್ರೂ ತೇಲತ್ತೆ, ಬರೀ ಫೋನ್ ಆದ್ರೆ ಕಲ್ಲು ಹಾಕ್ದಂಗೆ ತಳ ಸೇರತ್ತೆ. ಆದ್ರೆ ಬಿಸಿಲಲ್ಲಿ ಆ ಮುಚ್ಚಿದ ಪ್ಲಾಸ್ಟಿಕ್ ಒಳಗೆ ಫೋನ್ ಬೇಯತ್ತೆ, ಜಾಸ್ತಿ ಬಿಸಿ ಆದ್ರೆ ತಣ್ಣಗಾಗೋವರೆಗೂ ಕೆಲಸ ಮಾಡಲ್ಲ ಅಂತ ತಾನೇ ಮಲಗಿಬಿಡತ್ತೆ. ಚಳಿ ಊರಾದ್ರೆ ಉಲ್ಟಾ, 30 ಪರ್ಸೆಂಟ್ ತೋರಿಸ್ತಿದ್ದ ಬ್ಯಾಟರಿ ತಣ್ಣಗಿನ ಗಾಳಿಗೆ ಪಟ್ ಅಂತ ಆಫ್ ಆಗತ್ತೆ. ಜೊತೆಗೆ ನೀರಿನ ಮಧ್ಯೆ ಸಿಗ್ನಲ್ ಹುಡುಕಿ ಹುಡುಕಿನೇ ಬ್ಯಾಟರಿ ಕರಗತ್ತೆ, ಬೆಳಗ್ಗೆ ಫುಲ್ ಇದ್ದಿದ್ದು ಸಂಜೆ ವಾಪಸ್ ಬರೋ ಹೊತ್ತಿಗೆ, ಅಂದ್ರೆ ಬೆಳಕೂ ಹೋಗ್ತಿರೋ ಹೊತ್ತಿಗೆ, ಕೆಂಪಾಗಿರತ್ತೆ.

ಈಗ ಸಿಗ್ನಲ್. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಬಹಳ ಜನ ಮೋಸ ಹೋಗೋದು ಇಲ್ಲೇ. ಸ್ಕ್ರೀನ್ ಮೇಲೆ ಮೂರು ಕಡ್ಡಿ ಕಾಣ್ತಿದೆ, ಹಾಗಾಗಿ ನಾನು ಮಾತಾಡಬಹುದು ಅಂದ್ಕೋತೀರ. ಆ ಕಡ್ಡಿ ತೋರಿಸ್ತಿರೋದು ಟವರಿನ ದನಿ ನಿಮಗೆ ಎಷ್ಟು ಕೇಳಿಸ್ತಿದೆ ಅಂತ, ನಿಮ್ಮ ದನಿ ಟವರಿಗೆ ಎಷ್ಟು ಕೇಳಿಸ್ತಿದೆ ಅಂತ ಅಲ್ಲ. ಟವರಿಗೆ ಹತ್ತಾರು ವ್ಯಾಟ್ ಶಕ್ತಿ, ಎತ್ತರದ ಆಂಟೆನಾ. ನಿಮ್ಮ 4ಜಿ ಫೋನು ಕೂಗೋದು ಹೆಚ್ಚಂದ್ರೆ ಸುಮಾರು 0.2 ವ್ಯಾಟಲ್ಲಿ. ದೂರದಿಂದ ಧ್ವನಿವರ್ಧಕದಲ್ಲಿ ಕರೆದವರ ಮಾತು ನಮಗೆ ಕೇಳತ್ತೆ, ನಾವು ಬಾಯಲ್ಲಿ ಓಗೊಟ್ರೆ ಅವರಿಗೆ ಕೇಳತ್ತಾ? ಹಾಗೆ. ಅದಕ್ಕೇ ಎಷ್ಟೋ ಸಲ ಮೆಸೇಜ್ ಬರ್ತಿರತ್ತೆ, ಕಾಲ್ ಮಾತ್ರ ಹೋಗಲ್ಲ.

ಮತ್ತೆ ಆ ಆಂಟೆನಾಗಳನ್ನ ಕೂರ್ಸಿರೋದು ಊರಿಗೆ, ರಸ್ತೆಗೆ, ಜನ ಇರೋ ಕಡೆಗೆ, ಮುಖ ಸ್ವಲ್ಪ ಕೆಳಗೆ ಬಗ್ಗಿಸಿ. ನೀರಿನ ಮೇಲೆ ಸಿಗೋ ಸಿಗ್ನಲ್ ಬಹಳ ಕಡೆ ತುಳುಕಿ ಬಂದಿದ್ದು ಅಷ್ಟೆ, ನಿಮಗೋಸ್ಕರ ಕಳಿಸಿದ್ದಲ್ಲ. ಹಿನ್ನೀರಲ್ಲಿ ಇನ್ನೊಂದು ತೊಂದರೆ, ಸುತ್ತ ಗುಡ್ಡ ಇರತ್ತೆ, ಒಂದು ತಿರುವು ದಾಟಿದ್ರೆ ಟವರ್ ಮರೆ. ಹಳೇ ಜಿಎಸ್‌ಎಂ ವ್ಯವಸ್ಥೇಲಿ ಸುಮಾರು 35 ಕಿಲೋಮೀಟರ್ ದಾಟಿದ್ರೆ ಸಿಗ್ನಲ್ ಎಷ್ಟೇ ಜೋರಿದ್ರೂ ಕಾಲ್ ಆಗ್ತಿರ್ಲಿಲ್ಲ, ಸಿಗ್ನಲ್ ಹೋಗಿ ಬರೋ ಸಮಯದ ಲೆಕ್ಕಕ್ಕೇ ಅಷ್ಟು ಮಿತಿ ಇತ್ತು. ಇದೆಲ್ಲ ನೀವು ಬೋಟಲ್ಲಿ ನಿಂತು ಫೋನ್ ತಲೆ ಎತ್ತರದಲ್ಲಿ ಹಿಡಿದಿರುವಾಗಿನ ಮಾತು. ನೀರಲ್ಲಿ ಬಿದ್ದಾಗ ನಿಮ್ಮ ಕೈ ಇರೋದು ನೀರಿನ ಮಟ್ಟದಿಂದ ಒಂದು ಗೇಣು ಮೇಲೆ, ಸುತ್ತ ಅಲೆ, ಪಕ್ಕದಲ್ಲಿ ನಿಮ್ಮದೇ ಒದ್ದೆ ಮೈ. ಬೋಟಲ್ಲಿ ಮೂರು ಕಡ್ಡಿ ಇದ್ದ ಜಾಗದಲ್ಲೇ ನೀರಲ್ಲಿ ಸೊನ್ನೆ ಆಗೋದು ಆಶ್ಚರ್ಯ ಏನಲ್ಲ.

ನಂದೇ ಒಂದು ಪ್ರಸಂಗ ಹೇಳ್ತೀನಿ. ಬಹಳ ವರ್ಷದ ಹಿಂದೆ, ಇನ್ನೂ ಇದನ್ನೆಲ್ಲ ಕಲಿಸೋ ಕೆಲಸಕ್ಕೆ ಬಂದಿರಲಿಲ್ಲ, ಸಮುದ್ರದಲ್ಲಿ ದಡ ಚೆನ್ನಾಗೇ ಕಾಣ್ತಿತ್ತು, ಇಂಜಿನ್ ನಿಂತೋಯ್ತು. ಭಯ ಏನೂ ಆಗಲಿಲ್ಲ, ಫೋನ್ ಇತ್ತಲ್ಲ. ದಡದಲ್ಲಿದ್ದ ಸ್ನೇಹಿತನಿಗೆ ಹಚ್ಚಿದೆ, ಅವನು ಎಲ್ಲಿದೀಯ ಅಂದ, ಇಲ್ಲೇ ದೀಪಸ್ತಂಭದ ಎದುರಿಗೆ ಅಂದೆ, ಅಷ್ಟರಲ್ಲಿ ಕಟ್. ಮತ್ತೆ ಹಚ್ಚಿದೆ, ರಿಂಗ್ ಆಗ್ತಿದೆ ಅನ್ನುವಾಗ ಕಟ್. ಹೀಗೇ ಅರ್ಧ ಗಂಟೆ ಕಳೆದೆ, ಅಷ್ಟೂ ಹೊತ್ತು ಲಂಗರು ಹಾಕ್ಬೇಕು ಅನ್ನೋ ಬುದ್ಧಿ ಬರಲಿಲ್ಲ ನಂಗೆ, ಫೋನ್ ನೋಡ್ತಾ ಇದ್ದೆ! ಆ ಹೊತ್ತಿಗೆ ದೀಪಸ್ತಂಭ ಎದುರಿಗಿರಲಿಲ್ಲ, ಎಲ್ಲೋ ಹಿಂದೆ ಓರೆಯಾಗಿ ಕಾಣ್ತಿತ್ತು. ಅವನು ದೋಣಿ ಕಳಿಸಿದ್ದ, ನಾನು ಹೇಳಿದ ಜಾಗಕ್ಕೆ, ಅಲ್ಲಿ ನಾನಿರಲಿಲ್ಲ. ಕೊನೆಗೆ ನನ್ನ ನೋಡಿದ್ದು ಬಲೆ ಎಳೀತಿದ್ದ ಮೀನುಗಾರರು, ಅದೂ ಅವರ ಪಾಡಿಗೆ ಆ ಕಡೆ ಬಂದಾಗ. ಅವರು ನನ್ನಿಂದ ದೂರ ಏನೂ ಇರಲಿಲ್ಲ, ಅವರ ಹತ್ರ ರೇಡಿಯೋ ಇತ್ತು, ನನ್ನ ಹತ್ರ ಅವರ ಫೋನ್ ನಂಬರ್ ಇರಲಿಲ್ಲ.

ರೇಡಿಯೋ ಯಾಕೆ ಅನ್ನೋ ನಿಮ್ಮ ಪ್ರಶ್ನೆಗೆ ಆ ಕೊನೇ ಮಾತಲ್ಲೇ ಉತ್ತರ ಇದೆ. ಫೋನಲ್ಲಿ ನೀವು ಒಬ್ಬರನ್ನ ಕರೀತೀರ, ಅವರು ಎಲ್ಲೋ ದಡದ ಮೇಲೆ, ಮನೆಯೊಳಗೆ ಕೂತಿರ್ತಾರೆ. ವಿಎಚ್‌ಎಫ್ ಮರೀನ್ ರೇಡಿಯೋದಲ್ಲಿ, ಅಂದ್ರೆ ಬೋಟು ಹಡಗುಗಳಿಗೇ ಅಂತ ಇರೋ ರೇಡಿಯೋದಲ್ಲಿ, ಚಾನಲ್ 16, ಅಂದ್ರೆ 156.8 ಮೆಗಾಹರ್ಟ್ಜ್, ಅದು ಪ್ರಪಂಚದಾದ್ಯಂತ ಆಪತ್ತಿಗೆ ಕರೆಯೋ ಚಾನಲ್, ಅದರಲ್ಲಿ ಒಂದ್ಸಲ ಕೂಗಿದ್ರೆ ಕರಾವಳಿ ಕಾವಲಿನವರಿಗೂ ಕೇಳತ್ತೆ, ಸುತ್ತಮುತ್ತ ಆ ಚಾನಲ್ ಹಾಕ್ಕೊಂಡಿರೋ ಹಡಗು, ಮೀನುಗಾರಿಕೆ ಬೋಟ್, ನಿಮ್ಮ ಹಾಗೆ ಸುತ್ತಾಡೋಕೆ ಬಂದವರು, ಎಲ್ಲರಿಗೂ ಕೇಳತ್ತೆ. ಹತ್ತು ನಿಮಿಷದಲ್ಲಿ ಬಂದು ಕೈ ಹಿಡಿಯೋನು ಹತ್ತಿರದಲ್ಲಿರೋ ಬೋಟಿನವನೇ, ಅವನ ಹೆಸರು ನಂಬರ್ ಯಾವುದೂ ನಿಮಗೆ ಗೊತ್ತಿರಲ್ಲ. ಫೋನಲ್ಲಿ ಅವನನ್ನ ಕರೆಯೋ ದಾರಿನೇ ಇಲ್ಲ. ಜೊತೆಗೆ ನೀವು ಮಾತಾಡ್ತಿರುವಾಗ ಹುಡುಕೋ ಬೋಟಲ್ಲಿ ದಿಕ್ಕು ಪತ್ತೆ ಮಾಡೋ ಉಪಕರಣ ಇದ್ರೆ ನಿಮ್ಮ ದನಿ ಹಿಡ್ಕೊಂಡೇ ಬರಬಹುದು.

ಬೋಟಿಗೆ ಫಿಕ್ಸ್ ಮಾಡೋ ಸೆಟ್ 25 ವ್ಯಾಟಿಂದು, ಕೈಲಿ ಹಿಡಿಯೋದು ಸಾಮಾನ್ಯವಾಗಿ 5-6 ವ್ಯಾಟ್. ಆದ್ರೆ ವ್ಯಾಟ್‌ಗಿಂತ ಮುಖ್ಯ ಎತ್ತರ, ಯಾಕಂದ್ರೆ ವಿಎಚ್‌ಎಫ್ ಅಲೆ ಹೆಚ್ಚುಕಮ್ಮಿ ಕಣ್ಣಿನ ನೋಟದ ಹಾಗೆ ನೇರ ಹೋಗತ್ತೆ, ಭೂಮಿ ಬಾಗಿದ ಕಡೆ ಮರೆಯಾಗತ್ತೆ. ಲೆಕ್ಕ ಸುಲಭ: ಆಂಟೆನಾ ಎಷ್ಟು ಮೀಟರ್ ಎತ್ತರ ಇದೆಯೋ ಅದರ ವರ್ಗಮೂಲ ತೆಗೆದು 4.1ರಿಂದ ಗುಣಿಸಿದ್ರೆ ಕಿಲೋಮೀಟರ್ ಸಿಗತ್ತೆ, ಎರಡೂ ಕಡೇದು ಮಾಡಿ ಕೂಡಿಸಿ. ನೀರಿಂದ ಒಂದು ಮೀಟರ್ ಎತ್ತರದಲ್ಲಿ ಕೈಲಿ ಸೆಟ್ ಹಿಡಿದಿರೋ ಇಬ್ಬರಿಗೆ ಸುಮಾರು 8 ಕಿಲೋಮೀಟರ್. ಅದೇ ಇನ್ನೊಂದು ಕಡೆ ಗುಡ್ಡದ ಮೇಲೆ 100 ಮೀಟರ್ ಎತ್ತರದಲ್ಲಿ ಕೇಂದ್ರದ ಆಂಟೆನಾ ಇದ್ರೆ 45 ಕಿಲೋಮೀಟರ್ ತನಕ ದಾರಿ ತೆರೆದಿರತ್ತೆ, ಆದ್ರೆ ಅಷ್ಟು ದೂರಕ್ಕೆ ಕೈ ಸೆಟ್ ಮುಟ್ಟೇ ಮುಟ್ಟತ್ತೆ ಅಂತ ನಾನು ಹೇಳಲ್ಲ.

ಫಿಕ್ಸ್ ಮಾಡೋ ಸೆಟ್ ತಗೊಳ್ಳೋದಾದ್ರೆ ಡಿಎಸ್‌ಸಿ, ಅಂದ್ರೆ ಆಪತ್ತಿನ ಸಂದೇಶ ತಾನೇ ಕಳಿಸೋ ಸೌಲಭ್ಯ, ಇರೋದೇ ತಗೊಳ್ಳಿ. ಅದರಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಬಟನ್ ಇರತ್ತೆ, ಮುಚ್ಚಳ ಎತ್ತಿ ಕೆಲವು ಸೆಕೆಂಡ್ ಒತ್ತಿ ಹಿಡಿದ್ರೆ ಚಾನಲ್ 70ರಲ್ಲಿ ನಿಮ್ಮ ಬೋಟಿನ ಗುರುತು ಹೇಳೋ ಒಂಬತ್ತು ಅಂಕಿಯ ಎಂಎಂಎಸ್‌ಐ ನಂಬರೂ, ಜಿಪಿಎಸ್ ಜೋಡಿಸಿದ್ರೆ ಇರೋ ಜಾಗಾನೂ ತಾನೇ ಕಳಿಸತ್ತೆ. ಮಾತಾಡೋಕೆ ಬಾಯಿ ಬರದೇ ಇದ್ರೂ ಆಗತ್ತೆ, ಭಯದಲ್ಲಿ ಬಾಯಿ ಬರಲ್ಲ ನಿಜವಾಗ್ಲೂ. ಒಂದು ಷರತ್ತು, ಆ ನಂಬರನ್ನ ನೋಂದಣಿ ಮಾಡ್ಸಿ ಸೆಟ್ಟಿಗೆ ಹಾಕಿರ್ಬೇಕು. ಅಂಗಡಿಯಿಂದ ತಂದು ಹಾಗೇ ತಿರುಪು ಹಾಕಿ ಕೂರಿಸಿ ಕೆಂಪು ಬಟನ್ ಇದೆ ಅಂತ ನೆಮ್ಮದಿಯಾಗಿರೋರನ್ನ ಬೇಕಾದಷ್ಟು ನೋಡಿದೀನಿ. ರೇಡಿಯೋ ಇಟ್ಕೊಳ್ಳೋಕೆ ಬಹಳ ದೇಶಗಳಲ್ಲಿ ಲೈಸೆನ್ಸ್ ಅಥವಾ ಸಣ್ಣ ಪರೀಕ್ಷೆ ಬೇಕು, ನಿಮ್ಮಲ್ಲಿ ನಿಯಮ ಏನಿದೆ ಅಂತ ಕೇಳ್ಕೊಂಡೇ ತಗೊಳ್ಳಿ.

ಕರೆಯೋ ಕ್ರಮಾನೂ ನಾಲ್ಕೂ ಜನಕ್ಕೆ ಬಾಯಿಪಾಠ ಆಗಿರ್ಲಿ, ರೇಡಿಯೋ ಗೊತ್ತಿರೋ ಒಬ್ಬನೇ ನೀರಿಗೆ ಬಿದ್ರೆ ಏನ್ಮಾಡ್ತೀರ. ಮೇಡೇ ಮೇಡೇ ಮೇಡೇ ಅಂತ ಮೂರು ಸಲ, ಬೋಟಿನ ಹೆಸರು ಮೂರು ಸಲ, ಆಮೇಲೆ ಇನ್ನೊಂದ್ಸಲ ಮೇಡೇ ಮತ್ತು ಹೆಸರು, ಎಲ್ಲಿದೀರ, ಏನಾಗಿದೆ, ಎಂಥ ಸಹಾಯ ಬೇಕು, ಎಷ್ಟು ಜನ ಇದೀರ, ಕೊನೆಗೆ ಓವರ್. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಮೇಡೇ, ಬರೀ ಇಂಜಿನ್ ನಿಂತು ಎಳ್ಕೊಂಡು ಹೋಗೋಕೆ ಯಾರಾದ್ರೂ ಬೇಕು ಅಂದ್ರೆ ಪ್ಯಾನ್ ಪ್ಯಾನ್. ಈ ಮೇಡೇ ಅನ್ನೋದು ಹಬ್ಬದ ದಿನಾನೂ ಅಲ್ಲ ಕಾರ್ಮಿಕರ ದಿನಾನೂ ಅಲ್ಲ, ನನಗೆ ಸಹಾಯ ಮಾಡಿ ಅನ್ನೋ ಫ್ರೆಂಚ್ ಮಾತಿಂದ ಬಂದಿದ್ದು, 1923ರ ಸುಮಾರಿಗೆ ಲಂಡನ್ ಹತ್ರದ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಸೂಚಿಸಿದ್ದು, ಆಗ ಅಲ್ಲಿಂದ ಪ್ಯಾರಿಸ್ಸಿಗೇ ಜಾಸ್ತಿ ವಿಮಾನ ಹೋಗ್ತಿದ್ದವಂತೆ.

ಈಗ ನಿಮ್ಮ ಹಿನ್ನೀರಿಗೆ ಬರೋಣ, ಆ ಅರ್ಧ ಸರಿ ಅಂದಿದ್ದು ಇದಕ್ಕೇ. ಒಳನಾಡಿನ ಎಷ್ಟೋ ಕೆರೆ, ಹಿನ್ನೀರು, ನದಿಗಳಲ್ಲಿ ಚಾನಲ್ 16 ಕೇಳಿಸ್ಕೊಳ್ಳೋರೇ ಇರಲ್ಲ. ಅಲ್ಲಿ ರೇಡಿಯೋ ಹಿಡಿದು ಮೇಡೇ ಅಂದ್ರೆ ಗುಡ್ಡಕ್ಕೆ ಮಾತ್ರ ಕೇಳತ್ತೆ. ಅಂಥ ಕಡೆ ಫೋನೇ ಮೊದಲ ದಾರಿ, ಇದನ್ನ ಒಪ್ಕೋಬೇಕು, ಬೋಟಿಂಗ್ ಕಲಿಸೋ ನಮ್ಮಂಥವರು ಕೆಲವರು ಹಠಕ್ಕೆ ಬಿದ್ದು ಒಪ್ಪಲ್ಲ. ಫೋನೇ ಮೊದಲ ದಾರಿ ಆದ್ರೆ ಅದನ್ನ ಸರಿಯಾಗಿ ತಯಾರು ಮಾಡ್ಕೊಂಡು ಹೋಗ್ಬೇಕು. ಒಂದು ಫೋನನ್ನ ಫುಲ್ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಪೌಚಿಗೆ ಹಾಕಿ, ಲೈಫ್ ಜಾಕೆಟ್ ಹಾಕ್ಕೊಂಡಿರೋ ಒಬ್ಬರ ಮೈಗೇ ಕಟ್ಟಿ. ಬೋಟಿನ ಡಬ್ಬದಲ್ಲಿ ಇಡ್ಬೇಡಿ, ಬೋಟ್ ಮಗುಚಿದ್ರೆ ಡಬ್ಬ ಅದರ ಜೊತೆಗೇ ಹೋಗತ್ತೆ. ಆ ಫೋನಲ್ಲಿ ಫೋಟೋ ತೆಗೆಯೋದು ಹಾಡು ಹಾಕೋದು ಏನೂ ಇಲ್ಲ, ಅದಕ್ಕೆ ಉಳಿದ ಮೂರಿದಾವಲ್ಲ. ಮ್ಯಾಪ್ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಜಿಪಿಎಸ್ಸಿಗೆ ನೆಟ್‌ವರ್ಕ್ ಬೇಡ, ಅದು ಉಪಗ್ರಹದಿಂದ ನೇರ ಬರತ್ತೆ, ಮ್ಯಾಪಿನ ಚಿತ್ರಕ್ಕೆ ಮಾತ್ರ ನೆಟ್ ಬೇಕು. ತುರ್ತು ಕರೆಯ ಶಾರ್ಟ್‌ಕಟ್ ಸೆಟ್ಟಿಂಗಲ್ಲಿ ಆನ್ ಮಾಡಿ, ಬಹಳಷ್ಟು ಫೋನಲ್ಲಿ ಪಕ್ಕದ ಬಟನ್ ಐದು ಸಲ ಬೇಗ ಬೇಗ ಒತ್ತಿದ್ರೆ ತಾನೇ ಕಾಲ್ ಹೋಗತ್ತೆ, ಒದ್ದೆ ಸ್ಕ್ರೀನಿನ ಜಗಳವೇ ಇಲ್ಲ. ನಿಮ್ಮ ಸಿಮ್ಮಿನ ಕಂಪನಿಗೆ ಸಿಗ್ನಲ್ ಇಲ್ಲದೇ ಇದ್ರೂ ಬೇರೆ ಕಂಪನಿ ಟವರ್ ಸಿಕ್ಕಿದ್ರೆ 112ರಂಥ ತುರ್ತು ಕರೆ ಅದರ ಮೇಲೆ ಹೋಗಬಹುದು, ಅದಕ್ಕೇ ಮೊದಲು ಸ್ನೇಹಿತನಿಗಲ್ಲ, ತುರ್ತು ನಂಬರಿಗೇ ಮಾಡಿ. ಮಾತು ಹೋಗ್ತಿಲ್ಲ ಅಂದ್ರೆ ಎಸ್‌ಎಂಎಸ್ ಹಾಕಿ ನೋಡಿ, ಮಾತಿಗೆ ಸಾಲದ ಸಿಗ್ನಲ್ಲಲ್ಲಿ ಕೆಲವು ಸಲ ನಾಲ್ಕು ಸಾಲಿನ ಮೆಸೇಜ್ ನುಸುಳ್ಕೊಂಡು ಹೋಗತ್ತೆ.

ಜಾಗ ಹೇಳುವಾಗ ಒಂದು ಎಚ್ಚರ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ಫೋನ್ ಸಾಮಾನ್ಯವಾಗಿ ತೋರಿಸೋದು ದಶಾಂಶದ ಡಿಗ್ರಿ, 40.50 ಅಂತ. ಬೋಟಿನವರು ಮಾತಾಡೋದು ಡಿಗ್ರಿ ಮತ್ತು ಮಿನಿಟ್ ಲೆಕ್ಕದಲ್ಲಿ. ನೀವು ನಲವತ್ತು ಪಾಯಿಂಟ್ ಐವತ್ತು ಅಂದಿದ್ದನ್ನ ಆ ಕಡೆಯವರು ನಲವತ್ತು ಡಿಗ್ರಿ ಐವತ್ತು ಮಿನಿಟ್ ಅಂತ ಬರ್ಕೊಂಡ್ರೆ ಗತಿ ಏನು ನೋಡಿ: 40.50 ಅಂದ್ರೆ ನಿಜಕ್ಕೂ 40 ಡಿಗ್ರಿ 30 ಮಿನಿಟ್, ವ್ಯತ್ಯಾಸ 20 ಮಿನಿಟ್, ಅಕ್ಷಾಂಶದ ಒಂದು ಮಿನಿಟ್ ಅಂದ್ರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. ಒಟ್ಟು 37 ಕಿಲೋಮೀಟರ್ ಆಚೆ ಹುಡುಕ್ತಾ ಇರ್ತಾರೆ. ಅಂಕಿ ಜೊತೆ ಎಷ್ಟು ಗಂಟೆಗೆ ನೋಡಿದ್ದು ಅನ್ನೋದೂ ಹೇಳಿ, ಯಾಕಂದ್ರೆ ಗಾಳಿಗೆ ಬರೀ ಎರಡು ನಾಟ್, ಅಂದ್ರೆ ಗಂಟೆಗೆ ಎರಡು ನಾಟಿಕಲ್ ಮೈಲು ವೇಗದಲ್ಲಿ ತೇಲ್ತಾ ಹೋದ್ರೂ 40 ನಿಮಿಷಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಸರಿದಿರ್ತೀರ. ಲಂಗರು ಹಾಕಿದ್ರೆ ಈ ತಲೆನೋವೇ ಇಲ್ಲ. ಇಂಜಿನ್ ನಿಲ್ತಾ, ಆಳ ಮುಟ್ಟೋ ಹಾಗಿದ್ರೆ ಮೊದಲು ಲಂಗರು, ಆಮೇಲೆ ಫೋನ್.

ಈಚೆಗೆ ಫೋನಲ್ಲೇ ಸ್ಯಾಟಲೈಟ್ ಎಸ್‌ಒಎಸ್ ಬಂದಿದೆಯಲ್ಲ ಅಂತ ನಿಮ್ಮಲ್ಲೊಬ್ಬರಾದ್ರೂ ಕೇಳೇ ಕೇಳ್ತೀರ. ಬಂದಿದೆ, ಐಫೋನ್ 14ರಲ್ಲಿ 2022ರ ನವೆಂಬರಲ್ಲಿ ಅಮೆರಿಕ, ಕೆನಡಾದಲ್ಲಿ ಶುರುವಾಯ್ತು, ಆಮೇಲೆ ಬೇರೆ ಕೆಲವು ದೇಶಕ್ಕೂ ಹೋಯ್ತು, ಎಲ್ಲಾ ಕಡೆ ಇಲ್ಲ. ಇದ್ದ ಕಡೆ ಒಳ್ಳೇದೇ. ಆದ್ರೆ ಸ್ಕ್ರೀನ್ ನೋಡ್ಕೊಂಡು ಫೋನನ್ನ ಉಪಗ್ರಹದ ಕಡೆ ತಿರುಗಿಸಿ ಹಿಡೀಬೇಕು, ಪ್ರಶ್ನೆಗಳಿಗೆ ಉತ್ತರ ಒತ್ತಬೇಕು, ಮೆಸೇಜ್ ಹೋಗೋಕೆ ಸಮಯ ಹಿಡಿಯತ್ತೆ. ಬೋಟಲ್ಲಿ ಒಣ ಕೈಲಿ ಕೂತಿದ್ರೆ ಆಗತ್ತೆ, ಅಲೆ ಮಧ್ಯೆ ತಲೆ ಮೇಲೆತ್ತಿ ಉಸಿರಾಡೋಕೇ ಒದ್ದಾಡ್ತಿರುವಾಗ ಅಲ್ಲ. ಅದರ ಬದಲು ದಡದಿಂದ ದೂರ ಹೋಗೋ ಅಭ್ಯಾಸ ಆದ್ಮೇಲೆ ಒಂದು ಪಿಎಲ್‌ಬಿ ತಗೊಳ್ಳಿ ಅಂತೀನಿ, ಮೈಮೇಲೇ ಇಟ್ಕೊಂಡು ಆಪತ್ತಲ್ಲಿ ಉಪಗ್ರಹಕ್ಕೆ ಸುದ್ದಿ ಕಳಿಸೋ ಅಂಗೈಯಷ್ಟು ದೊಡ್ಡ ಡಬ್ಬಿ, ಆಂಟೆನಾ ಎತ್ತಿ ಬಟನ್ ಒತ್ತೋದು ಅಷ್ಟೇ ಕೆಲಸ, 406 ಮೆಗಾಹರ್ಟ್ಜ್‌ನಲ್ಲಿ ಆಪತ್ತಿನ ಕರೆ ಹಿಡಿದು ರಕ್ಷಣೆಯವರಿಗೆ ತಿಳಿಸೋ ಕಾಸ್ಪಾಸ್-ಸಾರ್‌ಸಾಟ್ ಉಪಗ್ರಹಗಳಿಗೆ ಕನಿಷ್ಠ 24 ಗಂಟೆ ಕೂಗ್ತಾ ಇರತ್ತೆ. 1982ರಿಂದ ಜೀವ ಉಳಿಸ್ತಾ ಬಂದಿರೋ ವ್ಯವಸ್ಥೆ ಅದು, ಅಮೆರಿಕ ಸೋವಿಯತ್ ಒಕ್ಕೂಟ ಎರಡೂ ಜಗಳದ ಕಾಲದಲ್ಲೇ ಕೆನಡಾ, ಫ್ರಾನ್ಸ್ ಜೊತೆ ಸೇರಿ ಕಟ್ಟಿದ್ದು. ಅದಕ್ಕೂ ನೋಂದಣಿ ಬೇಕು. ಸ್ಯಾಟಲೈಟ್ ಫೋನ್ ವಿಷಯ ಮಾತ್ರ ಹುಷಾರು, ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಇಟ್ಕೊಂಡ್ರೆ ಕೇಸಾಗತ್ತೆ.

ಇಷ್ಟು ಉದ್ದ ಬರೆದ್ಮೇಲೆ ನಿಜ ಹೇಳ್ಬೇಕು ಅಂದ್ರೆ, ಫೋನಾ ರೇಡಿಯೋನಾ ಅನ್ನೋದು ಎರಡನೇ ಪ್ರಶ್ನೆ. ನಿಮ್ಮ ಪಟ್ಟಿಯಲ್ಲಿ ಫೋನ್, ಪೌಚ್, ಪವರ್ ಬ್ಯಾಂಕ್ ಎಲ್ಲಾ ಬಂತು, ಲೈಫ್ ಜಾಕೆಟ್ ಬರಲೇ ಇಲ್ಲ, ಓದ್ತಾ ಓದ್ತಾ ನಂಗೆ ಮೊದಲು ಹೊಳೆದಿದ್ದೇ ಅದು. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಬೋಟ್ ಅಪಘಾತದ ಲೆಕ್ಕ ಹಾಕತ್ತೆ, ವರ್ಷ ವರ್ಷಾನೂ ಮುಳುಗಿ ಸತ್ತವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಲೈಫ್ ಜಾಕೆಟ್ ಹಾಕಿರಲ್ಲ. ಯಾವ ಫೋನ್ ಯಾವ ರೇಡಿಯೋ ಕರೆದ್ರೂ ಬರೋರು ಬರೋಕೆ ಸಮಯ ಬೇಕಲ್ಲ, ಅಷ್ಟು ಹೊತ್ತು ನಿಮ್ಮ ಬಾಯಿ ಮೂಗು ನೀರಿಂದ ಮೇಲಿರ್ಬೇಕು. ತೀರಾ ತಣ್ಣಗಿನ ನೀರಾದ್ರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೇ ಸಿಗಲ್ಲ, ಆಮೇಲೆ ಹತ್ತು ನಿಮಿಷದೊಳಗೆ ಬೆರಳು ಮಾತು ಕೇಳೋದು ನಿಲ್ಸತ್ತೆ, ಆಗ ಪೌಚ್ ಕ್ಲಿಪ್ ಬಿಚ್ಚೋಕೂ ಆಗಲ್ಲ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿ, ಅದಕ್ಕೆ ಬ್ಯಾಟರಿ ಬೇಡ. ಬೋಟ್ ಮಗುಚಿದ್ರೆ ಬೋಟ್ ಬಿಟ್ಟು ದಡಕ್ಕೆ ಈಜ್ತೀನಿ ಅಂತ ಹೊರಡ್ಬೇಡಿ, ಹುಡುಕೋರಿಗೆ ಬೋಟ್ ಕಾಣತ್ತೆ, ಒಂದು ತಲೆ ಕಾಣಲ್ಲ.

ಮತ್ತೆ ಫೋನಿನ ಅತ್ಯುತ್ತಮ ಉಪಯೋಗ ಒಂದಿದೆ, ಅದು ದಡ ಬಿಡೋಕೆ ಮುಂಚೆ. ಮನೇಲಿರೋ ಯಾರಾದ್ರೂ ಒಬ್ಬ ಜವಾಬ್ದಾರಿ ಇರೋರಿಗೆ ಮೆಸೇಜ್ ಹಾಕಿ: ಯಾವ ಕಡೆ ಹೋಗ್ತಿದೀವಿ, ಎಷ್ಟು ಜನ, ಬೋಟ್ ಯಾವ ಬಣ್ಣ, ಎಷ್ಟು ಗಂಟೆಗೆ ವಾಪಸ್, ಎಷ್ಟು ಗಂಟೆ ಆದ್ರೂ ನಮ್ಮಿಂದ ಸುದ್ದಿ ಇಲ್ಲ ಅಂದ್ರೆ ಯಾವ ನಂಬರಿಗೆ ಕಾಲ್ ಮಾಡ್ಬೇಕು. ಬೋಟಿನ ಒಂದು ಫೋಟೋನೂ ಕಳಿಸಿ. ಉಳಿದ ಫೋನಲ್ಲೊಂದರಿಂದ ಲೈವ್ ಲೊಕೇಶನ್ ಹಾಕಿಟ್ರೆ ನೆಟ್‌ವರ್ಕ್ ಹೋದ್ರೂ ಕೊನೇ ಸಲ ಎಲ್ಲಿ ಕಂಡಿದ್ದು ಅಂತ ಅವರ ಹತ್ರ ಉಳಿಯತ್ತೆ. ನಾಲ್ಕು ಫೋನೂ ಸತ್ತೋದ್ರೂ ಆ ಮೆಸೇಜ್ ದಡದ ಮೇಲೆ ಬದುಕಿರತ್ತೆ. ವಾಪಸ್ ಬಂದ್ಮೇಲೆ ಬಂದ್ವಿ ಅಂತ ಹೇಳೋದು ಮರೀಬೇಡಿ ಮಾತ್ರ, ನೀವು ಆರಾಮಾಗಿ ಊಟ ಮಾಡ್ತಿರುವಾಗ ಯಾರೋ ಕತ್ತಲಲ್ಲಿ ನಿಮ್ಮನ್ನ ಹುಡುಕೋದು ಬೇಡ.

ಸಮುದ್ರಕ್ಕೆ ಹೋಗೋ ದಿನ ಬಂದಾಗ ರೇಡಿಯೋ ತಗೊಳ್ಳಿ, ಆ ಸ್ನೇಹಿತನ ಕೈಗೇ ಕೊಡಿ. ಅಲ್ಲಿವರೆಗೆ ಮುಂದಿನ ರಜಾದಲ್ಲಿ ಒಂದು ಕೆಲಸ ಮಾಡಿ. ಎದೆಮಟ್ಟ ನೀರಿರೋ ಜಾಗದಲ್ಲಿ ನಾಲ್ಕೂ ಜನ ಲೈಫ್ ಜಾಕೆಟ್ ಹಾಕ್ಕೊಂಡು ಇಳೀರಿ, ಕೈ ಮುಖ ಎಲ್ಲಾ ಒದ್ದೆ ಮಾಡ್ಕೊಳ್ಳಿ, ಒಬ್ಬರು ಪಕ್ಕದಿಂದ ನೀರು ಎರಚ್ತಾ ಇರ್ಲಿ, ಪೌಚಲ್ಲಿ ಆಫ್ ಆಗಿರೋ ಫೋನನ್ನ ಆನ್ ಮಾಡಿ, ಲಾಕ್ ತೆಗೆದು, ನಿಮ್ಮಲ್ಲೇ ಇನ್ನೊಬ್ಬರ ನಂಬರಿಗೆ ಕಾಲ್ ಮಾಡೋಕೆ ಎಷ್ಟು ನಿಮಿಷ ಹಿಡಿಯತ್ತೆ ನೋಡಿ. ತುರ್ತು ನಂಬರಿಗೆ ಮಾಡ್ಬೇಡಿ ಪಾಪ. ಎಷ್ಟು ಹೊತ್ತಾಯ್ತು ಅಂತ ನಂಗೂ ಬರೆದು ತಿಳಿಸಿ.